ಹೆಬ್ಬಾತುಗಳ ತವರಿಗೆ ಹೊರಟ ಬಳಗಕ್ಕೊಂದು ಬಹಿರಂಗ ಪತ್ರ



ಬರುವ ಬೇಸಿಗೆಗೆ ಮಂಗೋಲಿಯಾಕ್ಕೆ ಹೋಗುವುದೆಂದು ಸಭೆಯಲ್ಲಿ ನಾವೆಲ್ಲ ಒಪ್ಪಿದ್ದೇವೆ. ಅದಾದ ಮೇಲೆ ಬಳಗದಲ್ಲಿ ಓಡಾಡುತ್ತಿರುವ ಪ್ರಯಾಣದ ಕರಡನ್ನು ನಾನು ನಿಧಾನವಾಗಿ, ಪಕ್ಕದಲ್ಲಿ ನಕಾಶೆ ಹರಡಿಕೊಂಡು ಓದಿದೆ. ಮೇ ತಿಂಗಳ ಮೊದಲ ಭಾಗ. ಪಶ್ಚಿಮದ ತುದಿಯ ಖೋವ್ದ್ ಸೀಮೆಯ ಸರೋವರಗಳಿಂದ ಶುರು, ನಡುವೆ ಗೋಬಿ, ಕೊನೆಗೆ ಪೂರ್ವದ ಚೋಯ್ಬಲ್ಸಾನ್ ಹುಲ್ಲುಗಾವಲು. ಕರಡಿನ ಕೊನೆಯಲ್ಲಿ ನೋಡಬೇಕಾದ ಹಕ್ಕಿಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಗುರುತು ಹಾಕಲು ಚೌಕ. ಇದನ್ನು ತಯಾರಿಸಿದವರು ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕು ಎಂಬುದು ನನಗೆ ಗೊತ್ತು. ಆದರೂ ಈ ಕರಡನ್ನು ಬದಲಾಯಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ. ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ರಂಗನತಿಟ್ಟು, ಕೊಕ್ಕರೆಬೆಳ್ಳೂರುಗಳಲ್ಲಿ ಕಣ್ಣು ಪಳಗಿಸಿಕೊಂಡ ನಮ್ಮಂಥ ಬಳಗಗಳು ಈಗ ರಾಜ್ಯದ ಹಲವು ಊರುಗಳಲ್ಲಿವೆ. ಅವರೂ ಹೊರದೇಶದ ಕಡೆ ನೋಡುತ್ತಿದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬರಲಿ.

ನನ್ನ ಮಾತು ಇಷ್ಟೇ: ನಮ್ಮ ರಜೆಯ ಲೆಕ್ಕದಿಂದಲೂ ಪಟ್ಟಿಯ ಉದ್ದದಿಂದಲೂ ಈ ಪ್ರವಾಸವನ್ನು ಕಟ್ಟುವುದು ಬೇಡ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಹಕ್ಕಿಗಳು ಅಲ್ಲಿ ಯಾವಾಗ ಮೊಟ್ಟೆಯಿಡುತ್ತವೆ, ಎಲ್ಲಿ ಮರಿ ಮಾಡುತ್ತವೆ ಎಂಬುದನ್ನು ಮೊದಲು ತಿಳಿದು, ಅದರ ಮೇಲೆ ದಿನಾಂಕ ಹಾಕೋಣ. ಮನೆಗೆ ಬಂದ ಸೊಸೆಯ ತವರನ್ನು ನೋಡಲು ಬೀಗರು ಹೋಗುವಂತೆ ಹೋಗೋಣ: ಕೆಲವೇ ಮನೆ, ಆದರೆ ಕುಳಿತು ಬರುವಷ್ಟು ಹೊತ್ತು.

ಮೊದಲು ದೂರದ ಮಾತು. ಮಂಗೋಲಿಯಾದ ವಿಸ್ತೀರ್ಣ ಸುಮಾರು 15.6 ಲಕ್ಷ ಚದರ ಕಿಲೋಮೀಟರು, ಅಂದರೆ ಎಂಟು ಕರ್ನಾಟಕ. ಅಲ್ಲಿನ ಜನಸಂಖ್ಯೆ ಸುಮಾರು 35 ಲಕ್ಷ. ಅವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಲಾನ್‌ಬಾತರ್ ಎಂಬ ರಾಜಧಾನಿಯೊಂದರಲ್ಲೇ ಇದ್ದಾರೆ. ಮುಖ್ಯ ಹೆದ್ದಾರಿಗಳಿಗೆ ಡಾಂಬರು ಬಿದ್ದಿದೆ. ಅದನ್ನು ಬಿಟ್ಟು ಇಳಿದರೆ ಹುಲ್ಲಿನ ಮೇಲೆ ಚಕ್ರದ ಗುರುತೇ ದಾರಿ. ಖೋವ್ದ್‌ನಿಂದ ಚೋಯ್ಬಲ್ಸಾನ್‌ಗೆ ಎರಡು ಸಾವಿರ ಕಿಲೋಮೀಟರಿನಷ್ಟಾಗುತ್ತದೆ, ಗೋಬಿಯ ಬಳಸು ಬೇರೆ. ಈ ಕರಡಿನ ಪ್ರಕಾರ ಹೋದರೆ ನಾವು ಹಕ್ಕಿಗಿಂತ ಹೆಚ್ಚಾಗಿ ಜೀಪಿನ ಮುಂದಿನ ಗಾಜನ್ನೇ ನೋಡಿಕೊಂಡು ಬರಬೇಕಾಗುತ್ತದೆ. ಬಳಗದಲ್ಲಿ ಅರವತ್ತು ದಾಟಿದವರಿದ್ದಾರೆ, ಮಕ್ಕಳಿದ್ದಾರೆ. ದಿನಕ್ಕೆ ಎಂಟು ಗಂಟೆ ಕುಲುಕಾಡಿದ ಮೈಯಲ್ಲಿ ಸಂಜೆ ಸರೋವರದ ದಂಡೆಯಲ್ಲಿ ಕೂರುವ ಚೈತನ್ಯ ಉಳಿಯುವುದಿಲ್ಲ.

ಇನ್ನು ತಿಂಗಳಿನ ಮಾತು. ನನ್ನ ದೊಡ್ಡ ತಕರಾರು ಇಲ್ಲಿಯೇ ಇದೆ. ಏಪ್ರಿಲ್, ಮೇ ನಮಗೆ ಬೇಸಿಗೆ. ಶಾಲೆಗೆ ರಜೆ, ಮಾವಿನ ಹಣ್ಣು, ಪ್ರವಾಸ. ಮಂಗೋಲಿಯಾದಲ್ಲಿ ಅದು ದೂಳು ಮತ್ತು ಗಾಳಿಯ ಕಾಲ. ಎತ್ತರದ ಸರೋವರಗಳ ಮೇಲೆ ಮೇ ತಿಂಗಳಲ್ಲೂ ಹಿಮ ಕಟ್ಟಿರುತ್ತದೆ. ಹುಲ್ಲು ಇನ್ನೂ ಹಸಿರಾಗಿರುವುದಿಲ್ಲ. ಚಳಿಗಾಲ ಕಳೆದು ಬಡಕಲಾದ ಕುರಿ, ಕುದುರೆಗಳನ್ನು ಉಳಿಸಿಕೊಳ್ಳಲು ದನಗಾಹಿ ಕುಟುಂಬಗಳು ಒದ್ದಾಡುವ ಹೊತ್ತು ಅದು. 'ದ್ಝುದ್' ಎಂದು ಅವರು ಕರೆಯುವ ಭೀಕರ ಚಳಿಗಾಲ ಬಂದ ವರ್ಷವಂತೂ ಕೇಳುವುದೇ ಬೇಡ. 2023–24ರ ಚಳಿಗಾಲದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಅಂಥ ತಿಂಗಳಲ್ಲಿ ಕ್ಯಾಮೆರಾ ಹಿಡಿದು ಅವರ ಬಾಗಿಲಿಗೆ ಹೋಗಿ ನಿಲ್ಲುವುದು ಸರಿಯಲ್ಲ.

ಅಲ್ಲಿನ ನಿಜವಾದ ಬೇಸಿಗೆ ಜೂನ್‌ನಿಂದ ಆಗಸ್ಟ್. ಮಳೆಯ ಹೆಚ್ಚಿನ ಪಾಲು ಬೀಳುವುದು ಜುಲೈ ಮತ್ತು ಆಗಸ್ಟ್‌ನಲ್ಲಿ. ಜುಲೈ 11ರಿಂದ 13ರವರೆಗೆ ನಾದಮ್ ಹಬ್ಬ: ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ದೇಶಕ್ಕೆ ದೇಶವೇ ರಜೆಯಲ್ಲಿರುವ ಆ ದಿನಗಳ ಹಿಂದೆಮುಂದೆ ಕೋಣೆ, ಗಾಡಿ, ವಿಮಾನದ ಟಿಕೆಟು ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ನನ್ನ ಕಣ್ಣು ಇರುವುದು ಜೂನ್ ಎರಡನೇ ವಾರದಿಂದ ಮೂರನೇ ವಾರದ ಕೊನೆಯವರೆಗಿನ ದಿನಗಳ ಮೇಲೆ. ಆಗ ಹಗಲು ಸುಮಾರು ಹದಿನಾರು ಗಂಟೆ. ಬೆಳಗಿನ ಐದಕ್ಕೆ ಸೂರ್ಯ ಬಂದರೆ ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ. ಮಧ್ಯಾಹ್ನ ಬಿಸಿಲ ಝಳಕ್ಕೆ ದುರ್ಬೀನಿನಲ್ಲಿ ದೂರದ ಹಕ್ಕಿ ನಡುಗಿದಂತೆ ಕಾಣುವ ಹೊತ್ತಿಗೆ ಎಲ್ಲರೂ ಮಲಗಿ ಏಳಬಹುದು. ಸಂಜೆಗೆ ಇನ್ನೂ ಐದು ಗಂಟೆಯ ಬೆಳಕು ಉಳಿದಿರುತ್ತದೆ.

ಶಾಲೆಯ ತೊಂದರೆ ನನಗೆ ಗೊತ್ತು. ಜೂನ್ ಬಂದರೆ ನಮ್ಮಲ್ಲಿ ತರಗತಿ ಶುರು. ಆದರೂ ಮಕ್ಕಳಿರುವ ಮನೆಯವರು ಈಗಲೇ ಶಿಕ್ಷಕರ ಹತ್ತಿರ ಕೂತು ಮಾತಾಡಲಿ ಎಂಬುದು ನನ್ನ ಆಸೆ. ಹತ್ತು ಹನ್ನೆರಡು ವರ್ಷದ ಹುಡುಗ ಹುಡುಗಿಯರು, ಮಾಗಡಿ ಕೆರೆಯಲ್ಲಿ ತಾವೇ ನೋಡಿದ ಹೆಬ್ಬಾತು ಇನ್ನೊಂದು ದೇಶದ ನೀರಿನಲ್ಲಿ ಮರಿಗಳನ್ನು ಹಿಂದೆ ಕಟ್ಟಿಕೊಂಡು ಈಜುವುದನ್ನು ನೋಡಲಿ. ತಪ್ಪಿದ ಪಾಠವನ್ನು ಜುಲೈಯಲ್ಲಿ ಕಲಿಯಬಹುದು.

ಹೆಬ್ಬಾತಿನ ವಿಷಯ ಬಂತು. ಈ ಪ್ರವಾಸದ ಬೆನ್ನೆಲುಬೇ ಪಟ್ಟೆತಲೆ ಹೆಬ್ಬಾತು ಆಗಿರಲಿ ಎಂಬುದು ನನ್ನ ಬಯಕೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ನವೆಂಬರ್, ಡಿಸೆಂಬರ್ ಹೊತ್ತಿಗೆ ಇವು ಸಾವಿರಗಟ್ಟಲೆ ಬಂದಿಳಿಯುತ್ತವೆ. ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಮೇದು, ಹಗಲು ಕೆರೆಯ ನಡುವೆ ತೇಲಿ, ಮಾರ್ಚ್ ಹೊತ್ತಿಗೆ ಮಾಯವಾಗುತ್ತವೆ. 2024ರಲ್ಲಿ ಆ ಕೆರೆಗೆ ಅಂತಾರಾಷ್ಟ್ರೀಯ ಮಹತ್ವದ ಜೌಗುತಾಣವೆಂಬ ರಾಮ್ಸಾರ್ ಮನ್ನಣೆ ಸಿಕ್ಕಾಗ ನಾವೆಲ್ಲ ಹಿಗ್ಗಿದ್ದೆವು. ಆ ಮನ್ನಣೆಯ ಹಿಂದೆ ತಮ್ಮ ಬೆಳೆಗೆ ಬಾಯಿ ಹಾಕಿದ ಹಕ್ಕಿಯನ್ನು ವರ್ಷವರ್ಷವೂ ಸಹಿಸಿಕೊಂಡ ರೈತರಿದ್ದಾರೆ ಎಂಬುದನ್ನು ಯಾರೂ ಮರೆಯಬಾರದು. ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕುತ್ತಿಗೆಗೆ ಪಟ್ಟಿ ತೊಟ್ಟ ಹೆಬ್ಬಾತುಗಳು ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಿ ಹುಡುಕಿದರೆ ಅದನ್ನು ತೊಡಿಸಿದ ಜಾಗ ಮಂಗೋಲಿಯಾ ಎಂದು ಗೊತ್ತಾಗುತ್ತದೆ.

ಪಟ್ಟಿ ತೊಡಿಸುವ ಕೆಲಸ ನಡೆದಿರುವ ಜಾಗಗಳಲ್ಲಿ ಮುಖ್ಯವಾದದ್ದು ಅರ್ಖಂಗಾಯ್ ಪ್ರಾಂತ್ಯದ ತೆರ್ಖಿನ್ ತ್ಸಗಾನ್ ಸರೋವರ. ಖೋರ್ಗೋ ಎಂಬ ಜ್ವಾಲಾಮುಖಿಯ ಲಾವಾ ಹರಿದು ಬಂದು ನದಿಗೆ ಅಡ್ಡಗಟ್ಟಿದ್ದರಿಂದ ಹುಟ್ಟಿದ ನೀರು ಅದು, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಮರಿ ದೊಡ್ಡದಾಗುತ್ತಿರುವ ಜುಲೈ ತಿಂಗಳಲ್ಲಿ ಹೆಬ್ಬಾತುಗಳ ಹಾರುವ ಗರಿಗಳೆಲ್ಲ ಒಟ್ಟಿಗೆ ಉದುರುತ್ತವೆ. ಹೊಸ ಗರಿ ಬರುವವರೆಗೆ ಕೆಲವು ವಾರ ಅವು ಹಾರಲಾರವು. ಸಂಶೋಧಕರು ಆ ಹೊತ್ತು ನೋಡಿ ಸಣ್ಣ ದೋಣಿಗಳಲ್ಲಿ ಅವುಗಳನ್ನು ಮೆಲ್ಲಗೆ ಬಲೆಯ ಕಡೆಗೆ ಅಟ್ಟಿ ಹಿಡಿದು, ಉಪಕರಣ ಕಟ್ಟಿ ಬಿಡುತ್ತಾರೆ. ಹಿಮಾಲಯದ ಮೇಲೆ ಇವು ಹೇಗೆ ಹಾರುತ್ತವೆಂಬ ಬಹುಕಾಲದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ ಹಿಡಿದ ಹಕ್ಕಿಗಳಿಂದಲೇ. ಎವರೆಸ್ಟಿನ ನೆತ್ತಿಯ ಮೇಲೆ ನೇರವಾಗಿ ಹಾರುತ್ತವೆ ಎಂದು ನಾವೆಲ್ಲ ಮಕ್ಕಳಿಗೆ ಕತೆ ಹೇಳಿದ್ದೇವೆ. 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ಬೇರೆಯದನ್ನೇ: ಅವು ಬೆಟ್ಟದ ಏರಿಳಿತವನ್ನೇ ಅನುಸರಿಸುತ್ತ, ಕಣಿವೆ ಬಂದಲ್ಲಿ ಇಳಿದು, ದಿಬ್ಬ ಬಂದಲ್ಲಿ ಏರುತ್ತ ಹೋಗುತ್ತವೆ. ತೆಳುವಾದ ಗಾಳಿಯಲ್ಲಿ ಒಂದೇ ಎತ್ತರ ಕಾಯ್ದುಕೊಳ್ಳುವುದಕ್ಕಿಂತ ಇಳಿದು ಮತ್ತೆ ಏರುವುದೇ ಅವಕ್ಕೆ ಕಡಿಮೆ ಖರ್ಚಿನ ದಾರಿ. ಹಾಗೆಂದು ಅವುಗಳ ಸಾಹಸವೇನೂ ಕಿರಿದಾಗಲಿಲ್ಲ. ಉಪಕರಣ ಹೊತ್ತ ಹಕ್ಕಿಗಳಲ್ಲಿ ಒಂದು 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ.

ಉಲಾನ್‌ಬಾತರ್‌ನಿಂದ ತೆರ್ಖಿನ್ ತ್ಸಗಾನ್ ಸರೋವರಕ್ಕೆ ಆರು ನೂರು ಕಿಲೋಮೀಟರಿಗೂ ಮೇಲೆ ಆಗುತ್ತದೆ. ಒಂದೇ ಉಸಿರಿಗೆ ಹೋಗುವುದು ಬೇಡ. ದಾರಿಯಲ್ಲಿ ಎರಡು ಕಡೆ ಚೆನ್ನಾಗಿ ತಂಗೋಣ.

ಮೊದಲನೆಯದು ರಾಜಧಾನಿಯಿಂದ ಸುಮಾರು ನೂರು ಕಿಲೋಮೀಟರು ದೂರದ ಹುಸ್ತಾಯ್ ರಾಷ್ಟ್ರೀಯ ಉದ್ಯಾನ. ಕಾಡುಕುದುರೆ ತಾಖಿ 1960ರ ದಶಕದ ಕೊನೆಯ ಹೊತ್ತಿಗೆ ಕಾಡಿನಿಂದ ಪೂರ್ತಿ ಅಳಿದುಹೋಗಿತ್ತು. ಯುರೋಪಿನ ಪ್ರಾಣಿಸಂಗ್ರಹಾಲಯಗಳಲ್ಲಿ ಉಳಿದಿದ್ದ ಕುದುರೆಗಳ ಸಂತತಿಯನ್ನು 1992ರಿಂದ ಇಲ್ಲಿಗೆ ತಂದು ಬಿಟ್ಟರು. ಈಗ ಅವು ಹಿಂಡುಹಿಂಡಾಗಿ ಮೇಯುತ್ತವೆ. ಅದೇ ಗುಡ್ಡಗಳ ಮೇಲೆ ಕರಿ ರಣಹದ್ದು, ಹುಲ್ಲುಗಾವಲ ಹದ್ದು, ಸೇಕರ್ ಚಾಣ. ತೂಲ್ ನದಿಯ ದಂಡೆಯ ಮರಗಳಲ್ಲಿ ಅಮುರ್ ಚಾಣಗಳು ಕಾಗೆ ಜಾತಿಯ ಹಕ್ಕಿಗಳ ಹಳೆಯ ಗೂಡು ಹುಡುಕಿಕೊಂಡು ಸಂಸಾರ ಹೂಡುತ್ತವೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಬಲೆಗೆ ಬಿದ್ದು ಸಾವಿರಾರು ಸಂಖ್ಯೆಯಲ್ಲಿ ಸತ್ತು, ಮರುವರ್ಷ ಅದೇ ಹಳ್ಳಿಗರ ಸಂಕಲ್ಪದಿಂದ ಬದುಕಿಕೊಂಡ ಹಕ್ಕಿ ಇದು. ಅದನ್ನು ಗೂಡಿನ ಹತ್ತಿರ, ಜೋಡಿಯಾಗಿ ನೋಡುವ ಅವಕಾಶವನ್ನು ಅರ್ಧ ದಿನದಲ್ಲಿ ಮುಗಿಸಬಾರದು.

ಎರಡನೆಯದು ಊಗಿ ಸರೋವರ. ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 360 ಕಿಲೋಮೀಟರು. ಇದೂ ರಾಮ್ಸಾರ್ ತಾಣ. ಚೀನಾದ ಕಡೆಗೆ ವಲಸೆ ಹೋಗುವ ಹಂಸಬಾತು, ಹೂಪರ್ ಹಂಸ, ದಂಡೆಯ ಜೌಗಿನಲ್ಲಿ ಗೊರವಗಳು. ನಮ್ಮ ಹಳೆಯ ಕಾವ್ಯಗಳ ಜಕ್ಕವಕ್ಕಿ, ಅಂದರೆ ಬ್ರಾಹ್ಮಿಣಿ ಬಾತು, ಇಲ್ಲಿ ಊರಹಕ್ಕಿಯಷ್ಟು ಸಾಮಾನ್ಯ. ನಮ್ಮಲ್ಲಿ ಅದು ಚಳಿಗಾಲದಲ್ಲಿ ನದಿಯ ಮರಳದಿಣ್ಣೆಯ ಮೇಲೆ ಕೂತು ಹೋಗುವ ಅತಿಥಿ. ಅಲ್ಲಿ ನೀರಿನಿಂದ ಎಷ್ಟೋ ದೂರದ ಬಂಡೆಯ ಪೊಟರೆಯಲ್ಲಿ, ನೆಲದ ಬಿಲದಲ್ಲಿ ಮರಿ ಮಾಡಿ, ಮರಿಗಳನ್ನು ನಡೆಸಿಕೊಂಡೇ ನೀರಿಗೆ ಕರೆತರುತ್ತದೆ. ಬೌದ್ಧ ಭಿಕ್ಷುವಿನ ಉಡುಗೆಯ ಬಣ್ಣದ ಹಕ್ಕಿ ಎಂದು ಅದಕ್ಕೆ ಜನ ಗೌರವ ಕೊಡುತ್ತಾರೆ. ನಮ್ಮ ಕುರುಚಲು ಬಯಲುಗಳಲ್ಲಿ ಚಳಿಗಾಲ ಕಳೆಯುವ ಬ್ಲೈತ್ ಪಿಪಿಟ್ ಅಲ್ಲಿನ ಇಳಿಜಾರುಗಳಲ್ಲಿ ಹಾಡುತ್ತ ಮೇಲೇರುವುದನ್ನು ನೋಡಿ. ನಮ್ಮ ಕಿವಿಗೆ ಆ ಹಕ್ಕಿಯ ಒಂದು 'ಚಿಪ್' ಬಿಟ್ಟು ಬೇರೇನೂ ಗೊತ್ತಿಲ್ಲ. ಹೆಚ್ಚಿನ ವಲಸೆ ಹಕ್ಕಿಗಳ ಹಾಡು ನಮ್ಮ ಪಾಲಿಗೆ ಬಂದೇ ಇಲ್ಲ. ಅದನ್ನು ಅವು ಊರಿನಲ್ಲಿಯೇ ಬಿಟ್ಟು ಬರುತ್ತವೆ. ಜೂನ್‌ನಲ್ಲೇ ಹೋಗಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮರಳಿ ಬರುವಾಗ ಉಳಿದ ದಿನಗಳನ್ನು ಎಲ್ಲಿ ಕಳೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಬರುವುದು ಖಂಡಿತ. ಕರಡಿನಲ್ಲಿ ಗೋಬಿ ಇದೆ. ಯೋಲ್ ಕಣಿವೆಯ ಇಕ್ಕಟ್ಟಿನಲ್ಲಿ ಜುಲೈವರೆಗೂ ಉಳಿಯುವ ಹಿಮ, ಬಂಡೆಗೋಡೆಯ ಮೇಲೆ ವಾಲ್‌ಕ್ರೀಪರ್, ನೆತ್ತಿಯ ಮೇಲೆ ಗಡ್ಡದ ರಣಹದ್ದು, ಕೋಜ್ಲೋವ್ ಆಕ್ಸೆಂಟರ್, ಮರುಭೂಮಿಯ ನೆಲದ ಮೇಲೆ ಓಡುವ ಗ್ರೌಂಡ್ ಜೇ. ಇವು ಬೇರೆಲ್ಲೂ ಸುಲಭಕ್ಕೆ ಸಿಗದ ಹಕ್ಕಿಗಳು, ಒಪ್ಪುತ್ತೇನೆ. ಆದರೆ ಆ ಕಡೆಯ ಊರಾದ ದಾಲನ್‌ಜದ್‌ಗದ್‌ಗೆ ರಾಜಧಾನಿಯಿಂದ ಐದೂವರೆ ನೂರು ಕಿಲೋಮೀಟರು. ಎಲ್ಲರೂ ಹೋಗಿ ದಣಿಯುವ ಬದಲು, ಗೋಬಿ ನೋಡಲೇಬೇಕೆನ್ನುವವರು ಕೊನೆಯಲ್ಲಿ ಬೇರೆಯಾಗಿ ನಾಲ್ಕೈದು ದಿನ ಸೇರಿಸಿಕೊಳ್ಳಲಿ.

ಬಳಗ ಒಟ್ಟಾಗಿ ಹೋಗಬೇಕಾದ ಜಾಗ, ನನ್ನ ಮಟ್ಟಿಗೆ, ಈಶಾನ್ಯದ ಖೆಂತಿ ಪ್ರಾಂತ್ಯದ ಖುರ್ಖ್ ಮತ್ತು ಖುಯಿತೆನ್ ನದಿಗಳ ಕಣಿವೆ. ಅದು ಕ್ರೌಂಚಗಳ ನೆಲ. ಬಿಳಿಗತ್ತಿನ ಕ್ರೌಂಚ ಅಲ್ಲಿ ಗೂಡು ಕಟ್ಟುತ್ತದೆ. ಡೆಮೊಸೆಲ್ ಕ್ರೌಂಚ ಮಂಗೋಲಿಯಾದಲ್ಲಿ ಎಲ್ಲಿ ಹೋದರೂ ಕಾಣುತ್ತದೆ. ರಾಜಸ್ಥಾನದ ಖೀಚನ್‌ನಲ್ಲಿ ಊರವರು ಹಾಕುವ ಕಾಳು ತಿನ್ನುವ ಆ ಹಕ್ಕಿಗಳೇ ಇಲ್ಲಿ ಜೋಡಿಜೋಡಿಯಾಗಿ ಹಂಚಿಹೋಗಿ ಹುಲ್ಲಿನಲ್ಲಿ ಎರಡೇ ಮೊಟ್ಟೆ ಕಾಯುತ್ತವೆ. ಇನ್ನೊಂದು ಹಕ್ಕಿಯ ಹೆಸರು ಬರೆಯುವಾಗ ನನಗೆ ಎದೆ ತುಂಬಿ ಬರುತ್ತದೆ: ಸೈಬೀರಿಯನ್ ಕ್ರೌಂಚ. ಭರತಪುರಕ್ಕೆ ತಲೆಮಾರುಗಳಿಂದ ಬರುತ್ತಿದ್ದ ಅದರ ಕೊನೆಯ ಜೋಡಿ ಕಂಡದ್ದು 2002ರ ಚಳಿಗಾಲದಲ್ಲಿ. ಆ ದಾರಿಯ ಹಕ್ಕಿಗಳು ನಮ್ಮ ಕಣ್ಣೆದುರೇ ಮುಗಿದುಹೋದವು. ಚೀನಾದ ಪೊಯಾಂಗ್ ಸರೋವರದಲ್ಲಿ ಚಳಿಗಾಲ ಕಳೆಯುವ ಇನ್ನೊಂದು ಬಳಗ ಉಳಿದಿದೆ. ಅವುಗಳಲ್ಲಿ ಗೂಡು ಕಟ್ಟುವ ವಯಸ್ಸಿಗೆ ಬಾರದ ಕೆಲವು ಬೇಸಿಗೆಯಲ್ಲಿ ಖುರ್ಖ್ ಕಣಿವೆಯಲ್ಲಿ ಕಾಣಿಸಿಕೊಳ್ಳುತ್ತವೆ. ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು. ಭರತಪುರದಲ್ಲಿ ಅದನ್ನು ನೋಡಿದ ಹಿರಿಯರು ನಮ್ಮ ಬಳಗದಲ್ಲಿದ್ದಾರೆ. ಅವರ ಜೊತೆ ನಿಂತು ಆ ಕಣಿವೆಯನ್ನು ಒಂದು ಇಡೀ ದಿನ ಹುಡುಕಬೇಕೆಂಬುದು ನನ್ನ ದೊಡ್ಡ ಆಸೆ.

ಓನೊನ್ ಎಂಬ ಕೋಗಿಲೆ ನಿಮಗೆ ನೆನಪಿರಬೇಕು. 2019ರ ಬೇಸಿಗೆಯಲ್ಲಿ ಮಂಗೋಲಿಯಾದ ಸಂಶೋಧಕರು ಮತ್ತು ಬ್ರಿಟನ್ನಿನ ಪಕ್ಷಿವಿಜ್ಞಾನ ಟ್ರಸ್ಟ್ ಸೇರಿ ಐದು ಕೋಗಿಲೆಗಳ ಬೆನ್ನಿಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿದರು. ಹೆಸರಿಟ್ಟವರು ಅಲ್ಲಿನ ಶಾಲಾಮಕ್ಕಳು. 2020ರ ವಸಂತದಲ್ಲಿ, ಲಾಕ್‌ಡೌನ್‌ನಲ್ಲಿ ನಾವು ಮನೆಯೊಳಗೆ ಕೂತಿದ್ದಾಗ, ಓನೊನ್ ಆಫ್ರಿಕಾದ ಜಾಂಬಿಯಾದಿಂದ ಹೊರಟು ಸಮುದ್ರ ದಾಟಿ, ಭಾರತದ ಮೇಲೆ ಹಾದು, ಸುಮಾರು 12,000 ಕಿಲೋಮೀಟರು ಹಾರಿ ಮನೆ ಸೇರಿತು. ಆ ಮನೆ ಇದೇ ಕಣಿವೆಯ ಸೀಮೆಯಲ್ಲಿದೆ. ಅಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೇಂದ್ರವೂ ಇದೆ. ಮುಂಚಿತವಾಗಿ ಬರೆದು, ಅನುಮತಿ ಸಿಕ್ಕರೆ ಮಾತ್ರ, ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಒಂದು ಬೆಳಿಗ್ಗೆ ನೋಡಿ ಬರೋಣ.

ಈಗ ನಡೆನುಡಿಯ ವಿಷಯ. ಇದರಲ್ಲಿ ಯಾರಿಗೂ ರಿಯಾಯಿತಿ ಬೇಡ ಎನ್ನುತ್ತೇನೆ, ನನ್ನನ್ನೂ ಸೇರಿಸಿ. ಚಳಿಗಾಲದ ಹಕ್ಕಿಯನ್ನು ನೋಡುವುದಕ್ಕೂ ಗೂಡಿನ ಹಕ್ಕಿಯನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ಮಾಗಡಿಯಲ್ಲಿ ನಾವು ಹತ್ತು ಹೆಜ್ಜೆ ಹೆಚ್ಚು ಮುಂದಿಟ್ಟರೆ ಹೆಬ್ಬಾತು ಎದ್ದು ಇನ್ನೊಂದು ಮೂಲೆಯಲ್ಲಿ ಕೂರುತ್ತದೆ. ಅಲ್ಲಿ ಅದೇ ಹೆಜ್ಜೆಗೆ ಕ್ರೌಂಚ ಮೊಟ್ಟೆ ಬಿಟ್ಟು ಎದ್ದರೆ, ಮೇಲೆ ಸುತ್ತುತ್ತಿರುವ ದೊಡ್ಡ ಕಾಗೆಗೆ ಗೂಡು ಕಂಡುಬಿಡುತ್ತದೆ. ಅಲ್ಲಿಗೆ ಆ ಜೋಡಿಯ ಆ ವರ್ಷ ಮುಗಿಯಿತು. ಮಂಗೋಲಿಯಾದ ಬಹುಭಾಗದಲ್ಲಿ ಮರಗಳೇ ಇಲ್ಲ. ನೆಲಗುಬ್ಬಿಯಿಂದ ಹಿಡಿದು ಕ್ರೌಂಚದವರೆಗೆ ಎಲ್ಲವೂ ನೆಲದ ಮೇಲೇ ಮೊಟ್ಟೆಯಿಡುತ್ತವೆ. ಮರ ಬೇಕಾದ ಬೇಟೆಹಕ್ಕಿಗಳೂ ಬಂಡೆ, ವಿದ್ಯುತ್ ಕಂಬ, ಕೆಲವೊಮ್ಮೆ ಬರಿ ನೆಲ ಹಿಡಿಯುತ್ತವೆ. ಸೇಕರ್ ಚಾಣವನ್ನು ಮಂಗೋಲಿಯಾ 2012ರಲ್ಲಿ ರಾಷ್ಟ್ರಪಕ್ಷಿ ಎಂದು ಘೋಷಿಸಿತು. ಅದಕ್ಕಾಗಿ ಬಯಲಿನಲ್ಲಿ ಐದು ಸಾವಿರ ಕೃತಕ ಗೂಡುಗಳನ್ನು ನಿಲ್ಲಿಸಿದ್ದಾರೆ. ಇಷ್ಟೆಲ್ಲ ಕಷ್ಟಪಟ್ಟರೂ ಸರಿಯಾಗಿ ಕಟ್ಟದ ವಿದ್ಯುತ್ ತಂತಿಗಳಿಗೆ ಸಿಕ್ಕಿ ಚಾಣಗಳು ಸಾಯುವುದು ನಿಂತಿಲ್ಲ.

ಆದ್ದರಿಂದ ಗಾಡಿ ಇರುವ ಜಾಡನ್ನು ಬಿಟ್ಟು ಹುಲ್ಲಿಗೆ ಇಳಿಯುವುದಿಲ್ಲ. ಚಾಲಕ ಇಳಿಸಲು ಹೋದರೂ ಬೇಡವೆನ್ನೋಣ. ಹಕ್ಕಿಯನ್ನು ಕರೆಯಲು ಮೊಬೈಲಿನಿಂದ ಅದರ ಕೂಗು ಹಾಕುವುದು ಈ ಪ್ರವಾಸದಲ್ಲಿ ಪೂರ್ತಿ ನಿಲ್ಲಲಿ. ಗೂಡಿನ ಚಿತ್ರ ತೆಗೆಯುವುದು, ತೆಗೆದದ್ದನ್ನು ಜಾಗದ ಹೆಸರಿನ ಜೊತೆ ಹಂಚುವುದು ಬೇಡ. ಡ್ರೋನ್ ಮನೆಯಲ್ಲೇ ಇರಲಿ. ಸರೋವರದಲ್ಲಿ ದೋಣಿ ಸಿಗುತ್ತದೆ, ದ್ವೀಪದ ಹತ್ತಿರ ಹೋಗಬಹುದು ಎಂದು ಯಾರಾದರೂ ಕರೆದರೆ ದಂಡೆಯಲ್ಲೇ ಕೂರೋಣ. ಬಳಗಕ್ಕೆ ಎರಡು ಒಳ್ಳೆಯ ಸ್ಪಾಟಿಂಗ್ ಸ್ಕೋಪ್ ಇದ್ದರೆ ಎಲ್ಲರ ಕಣ್ಣಿಗೂ ಸಾಕು. ದೊಡ್ಡ ಲೆನ್ಸ್ ಹೊತ್ತ ಗೆಳೆಯರಿಗೆ ಇದು ಕಷ್ಟವೆನಿಸಬಹುದು. ನಿಮ್ಮ ಚಿತ್ರಗಳಿಂದಲೇ ಎಷ್ಟೋ ಜನ ಹಕ್ಕಿ ಪ್ರೀತಿ ಕಲಿತಿದ್ದಾರೆ, ಅದನ್ನು ಬಲ್ಲೆ. ಈ ಸಲ ದೂರದ ಚಿತ್ರಗಳು ಬರಲಿ. ಹುಲ್ಲುಗಾವಲು ದೊಡ್ಡದಾಗಿ, ಹಕ್ಕಿ ಸಣ್ಣದಾಗಿ ಇರುವ ಚಿತ್ರಗಳು.

ಜನರ ವಿಷಯ. ಆ ನೆಲದಲ್ಲಿ ಬೇಲಿಗಳಿಲ್ಲ, ಆದರೆ ಯಾರದೂ ಅಲ್ಲದ ನೆಲವಲ್ಲ ಅದು. ಗೇರ್ ಎಂಬ ಉಣ್ಣೆಯ ದುಂಡು ಗುಡಾರದ ಹತ್ತಿರ ಹೋಗುವಾಗ ನಾಯಿ ಹಿಡಿದುಕೊಳ್ಳಿ ಎಂದು ದೂರದಿಂದಲೇ ಕೂಗುವುದು ಅಲ್ಲಿನ ಪದ್ಧತಿ. ಹೊಸ್ತಿಲು ತುಳಿಯಬಾರದು, ಇದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ. ಒಳಗೆ ಹೋದ ಮೇಲೆ ಎಡಗಡೆಯಿಂದ ಸುತ್ತಿಕೊಂಡು ಹೋಗಿ, ತೋರಿಸಿದ ಜಾಗದಲ್ಲಿ ಕೂರಬೇಕು. ಕೊಟ್ಟದ್ದನ್ನು ಬಲಗೈಯಲ್ಲೋ ಎರಡೂ ಕೈಯಲ್ಲೋ ತೆಗೆದುಕೊಳ್ಳಬೇಕು. ಉಪ್ಪು ಹಾಕಿದ ಹಾಲಿನ ಚಹಾ ಬರುತ್ತದೆ. ಬೇಸಿಗೆಯಲ್ಲಿ ಕುದುರೆ ಹಾಲನ್ನು ಹುದುಗಿಸಿದ ಐರಗ್ ಕೂಡ. ಕುಡಿಯದವರು ಬಟ್ಟಲನ್ನು ತುಟಿಗೆ ಸೋಕಿಸಿ ಹಿಂತಿರುಗಿಸಿದರೆ ಅವರಿಗೆ ಬೇಸರವಾಗುವುದಿಲ್ಲ.

ಬಳಗದಲ್ಲಿ ಅರ್ಧಕ್ಕೂ ಹೆಚ್ಚು ಜನ ಮಾಂಸ ತಿನ್ನುವುದಿಲ್ಲ. ರಾಜಧಾನಿಯಲ್ಲಿ ಸಸ್ಯಾಹಾರದ ಹೋಟೆಲುಗಳಿವೆ. ಹಳ್ಳಿಗಾಡಿನಲ್ಲಿ ಕುರಿಮಾಂಸವೇ ಊಟ, ತರಕಾರಿ ಬೆಳೆಯುವ ನೆಲವಲ್ಲ ಅದು. ಗಾಡಿಯ ಜೊತೆ ಅಡುಗೆಯವರನ್ನು ಮಾತಾಡಿಕೊಳ್ಳೋಣ. ಅಕ್ಕಿ, ಬೇಳೆ, ಆಲೂಗಡ್ಡೆ, ಕ್ಯಾರೆಟ್ ರಾಜಧಾನಿಯಲ್ಲೇ ತುಂಬಿಸಿಕೊಂಡು ಹೊರಡಬಹುದು. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ನಮ್ಮ ಚೀಲದಲ್ಲಿರಲಿ, ಅಂಗಡಿಯ ಸೀಲು ಒಡೆಯದ ಪೊಟ್ಟಣಗಳಲ್ಲಿ. ಅಡುಗೆಯವರು ಏನು ಉಣ್ಣುತ್ತಾರೆ ಎಂಬುದರ ಬಗ್ಗೆ ಯಾರೂ ಮೂಗು ಮುರಿಯದಿರಲಿ. ಮೈನಸ್ ನಲವತ್ತು ಡಿಗ್ರಿಯ ಚಳಿಗಾಲ ದಾಟುವ ಜನರ ಊಟ ಅದು.

ಮೈಯ ಕಾಳಜಿಯನ್ನೂ ಹೇಳಿಬಿಡುತ್ತೇನೆ. ನಲವತ್ತು ಡಿಗ್ರಿಯ ರಾಯಚೂರು, ಕಲಬುರಗಿಗಳಿಂದ ಹೊರಟವರು ಅರ್ಖಂಗಾಯ್‌ನ ಜೂನ್ ರಾತ್ರಿಯಲ್ಲಿ ಸೊನ್ನೆಯ ಹತ್ತಿರದ ಚಳಿ ಕಾಣಬಹುದು. ಸ್ವೆಟರ್ ಒಂದರ ಮೇಲೊಂದು ಹಾಕುವಂತಿರಲಿ, ಗಾಳಿ ತಡೆಯುವ ಹೊದಿಕೆ ಇರಲಿ. ನಾಯಿಗಳು ದೊಡ್ಡವು, ಆಸ್ಪತ್ರೆ ದೂರ. ಆದ್ದರಿಂದ ರೇಬೀಸ್ ಲಸಿಕೆ ಮೊದಲೇ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಉತ್ತರದ ಕಾಡಂಚಿನಲ್ಲಿ ಉಣ್ಣೆಗಳು ಮಿದುಳಿನ ಉರಿಯೂತ ಹರಡುತ್ತವೆ. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸುವುದನ್ನು ಮಲೆನಾಡಿನವರು ಉಳಿದವರಿಗೆ ಕಲಿಸಲಿ. ಮಾರ್ಮೊಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿ ಮುದ್ದಾಗಿ ಎದ್ದು ನಿಲ್ಲುತ್ತದೆ, ಆದರೆ ಅದರಿಂದ ಪ್ಲೇಗ್ ಬರುವುದುಂಟು. ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಬೇಕು. ಬಯಲಿನಲ್ಲಿ ಮರೆಯಿಲ್ಲ. ಹೆಂಗಸರಿಗಾಗಿ ಮಡಿಸುವ ಸಣ್ಣ ಮರೆಗುಡಾರ ಒಂದನ್ನು ಗಾಡಿಯಲ್ಲಿ ಇಡಲೇಬೇಕು. ಕರಡು ಬರೆದವರೆಲ್ಲ ಗಂಡಸರಾದ್ದರಿಂದ ಇದು ಅದರಲ್ಲಿ ಇರಲಿಲ್ಲ. ತುರ್ತಿನಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚನ್ನೂ ಭರಿಸುವ ವಿಮೆ ಬೇಕು, ಅದರಲ್ಲಿ ಹಣ ಉಳಿಸುವುದು ಬೇಡ.

ವೀಸಾ ನಿಯಮಗಳನ್ನು ದೆಹಲಿಯ ಮಂಗೋಲಿಯಾ ರಾಯಭಾರ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಂಡ ನಂತರವೇ ಟಿಕೆಟಿಗೆ ದುಡ್ಡು ಕಟ್ಟಬೇಕು. ಬೆಂಗಳೂರಿನಿಂದ ಹೋಗುವಾಗ ಸಿಯೋಲ್, ಹಾಂಗ್‌ಕಾಂಗ್, ಬೀಜಿಂಗ್‌ನಂಥ ಕಡೆ ವಿಮಾನ ಬದಲಿಸಬೇಕು. ಆ ದೇಶದಲ್ಲಿ ಇಳಿದು ಹತ್ತಲು ಬೇರೆ ಅನುಮತಿ ಬೇಕೇ ಎಂಬುದನ್ನೂ ಕೇಳಿ. ಗಡಿ ಸೀಮೆಗೆ ಪ್ರತ್ಯೇಕ ಪರವಾನಗಿ ಬೇಕು. ನಾನು ಸೂಚಿಸಿರುವ ದಾರಿ ಗಡಿಯಿಂದ ದೂರವಿದೆ, ಅದೂ ಒಂದು ಅನುಕೂಲ. ಮಾರ್ಗದರ್ಶಕರು ಮಂಗೋಲಿಯಾದವರೇ ಆಗಿರಲಿ. ಹಣ ಅಲ್ಲಿನವರ ಕೈ ಸೇರಿದರೆ ಹಕ್ಕಿಯೂ ಉಳಿಯುತ್ತದೆ.

ಹೊರಡುವ ಮೊದಲು ಮಾಡಬೇಕಾದ ಕೆಲಸಗಳನ್ನು ಈಗಲೇ ಹಂಚಿಕೊಳ್ಳೋಣ. ಗೊಂಬೋಬಾತರ್ ಮತ್ತು ಲೇಹಿ ಬರೆದ, 2019ರಲ್ಲಿ ಬಂದ ಮಂಗೋಲಿಯಾ ಹಕ್ಕಿಗಳ ಕೈಪಿಡಿಯ ಎರಡು ಪ್ರತಿ ತರಿಸೋಣ. ಒಬ್ಬೊಬ್ಬರೂ ಹತ್ತು ಹಕ್ಕಿಗಳ ಹೊಣೆ ಹೊತ್ತು ಉಳಿದವರಿಗೆ ಪಾಠ ಹೇಳಲಿ. ಮುಂಡಗೋಡ, ಬೈಲಕುಪ್ಪೆಗಳ ಟಿಬೆಟನ್ ಮಠಗಳಲ್ಲಿ ಮಂಗೋಲಿಯಾದ ಭಿಕ್ಷುಗಳು ಓದುತ್ತಿದ್ದಾರೆ. ಎಷ್ಟೋ ವರ್ಷಗಳಿಂದ ನಮ್ಮ ನೆರೆಯವರು ಅವರು. ಅತ್ತಿವೇರಿ ಪಕ್ಷಿಧಾಮ ನೋಡಲು ಮುಂಡಗೋಡಿಗೆ ಹೋಗುತ್ತೇವಲ್ಲ, ಈ ಸಲ ಮಠಕ್ಕೂ ಹೋಗಿ, ಅವರಿಗೆ ಬಿಡುವಿದ್ದರೆ ಕೂತು, ನಮಸ್ಕಾರ, ಧನ್ಯವಾದ, ನೀರು, ನಿಲ್ಲಿಸಿ ಎನ್ನುವಂಥ ಇಪ್ಪತ್ತು ಮಾತು ಕಲಿತು ಬರೋಣ.

ಇನ್ನೊಂದು ಕೆಲಸ ನನ್ನ ಮನಸ್ಸಿಗೆ ಹತ್ತಿರವಾದದ್ದು. ಮಾಗಡಿ, ಹದಿನಾರು ಕೆರೆಗಳಲ್ಲಿ ಪಟ್ಟಿ ತೊಟ್ಟ ಹೆಬ್ಬಾತುಗಳ ಚಿತ್ರಗಳು ನಿಮ್ಮಲ್ಲಿ ಹಲವರ ಬಳಿ ಇವೆ. ಅವುಗಳನ್ನು ದಿನಾಂಕ, ಪಟ್ಟಿಯ ಅಂಕಿಗಳ ಸಮೇತ ಮುದ್ರಿಸಿ ಒಂದು ಪುಸ್ತಕ ಮಾಡೋಣ. ಜೊತೆಗೆ ಕೆರೆಯ ಏರಿ, ಕಡಲೆ ಹೊಲ, ಹಕ್ಕಿ ಕಾಯುವ ಊರವರು, ಶಾಲೆಯ ಮಕ್ಕಳು ಇರುವ ಚಿತ್ರಗಳೂ ಇರಲಿ. ಒಂದು ಪ್ರತಿ ಪಟ್ಟಿ ತೊಡಿಸಿದ ಸಂಶೋಧಕರಿಗೆ, ಉಳಿದವು ತೆರ್ಖಿನ್ ತ್ಸಗಾನ್ ದಂಡೆಯ ಕುಟುಂಬಗಳಿ‌ಗೆ. ಸೆಪ್ಟೆಂಬರಿನಲ್ಲಿ ತಮ್ಮ ಕಣ್ಣೆದುರು ಎದ್ದು ಹೋಗುವ ಹಕ್ಕಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬುದು ಅವರಿಗೂ ತಿಳಿಯಲಿ.

ಜನವರಿಯ ಎರಡನೇ ಭಾನುವಾರದೊಳಗೆ ಮೂರು ಸಂಗತಿ ತಿಳಿಸಿ: ಜೂನ್ ನಿಮಗೆ ಆಗುತ್ತದೆಯೇ, ಗೋಬಿಯ ಹೆಚ್ಚುವರಿ ದಿನಗಳಿಗೆ ಯಾರ್‍ಯಾರು ಬರುತ್ತೀರಿ, ಪುಸ್ತಕಕ್ಕೆ ಯಾವ ಚಿತ್ರ ಕೊಡುತ್ತೀರಿ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಿರುವವರು ಈ ವಾರವೇ ಅರ್ಜಿ ಹಾಕಿ. ನನ್ನ ಮಾತು ಒಪ್ಪಿಗೆಯಾಗದವರು ತಮ್ಮ ದಾರಿಯನ್ನು ನಕಾಶೆಯ ಮೇಲೆ ಬರೆದು ಕಳಿಸಿ, ಕೂತು ಚರ್ಚೆ ಮಾಡೋಣ.

ಇತಿ,
ನಿಮ್ಮ ಬಳಗದವನೇ ಆದ ಒಬ್ಬ ಹಕ್ಕಿಪ್ರಿಯ